ಕಾರಿಗೆ ಜ್ವರ ಬಂದಾಗ

ಮಗುವಿಗೆ ಜ್ವರ ಬಂತೆಂದು ದವಾಖಾನೆಗೆ ಹೋದರೆ ಡಾಕ್ಟರು ಮೊದಲು ಏನು ಕೇಳುತ್ತಾರೆ? "ಎಂದಿನಿಂದ ಬರುತ್ತಿದೆ? ಹಗಲು ಹೆಚ್ಚೋ, ರಾತ್ರಿ ಹೆಚ್ಚೋ? ಚಳಿ ಬಂದು ಬರುತ್ತದೋ, ಹಾಗೇ ಬರುತ್ತದೋ?" ಆಗ ಮನೆಯ ಗಂಡಸರು ನಮ್ಮ ಮುಖ ನೋಡುತ್ತಾರೆ. ರಾತ್ರಿಯೆಲ್ಲ ಕೂತು ಹಣೆ ಮುಟ್ಟಿ ನೋಡಿದವರು ನಾವು. ಉತ್ತರವೂ ನಮ್ಮ ಹತ್ತಿರವೇ ಇರುತ್ತದೆ.

ಕಾರಿಗೆ ಜ್ವರ ಬಂದಾಗಲೂ ಕೇಳಬೇಕಾದ ಪ್ರಶ್ನೆ ಇಂಥದ್ದೇ, ಸೋದರಿಯರೇ. ಆದರೆ ಗ್ಯಾರೇಜಿಗೆ ಹೋದಾಗ ನಾವು ಹಿಂದಿನ ಸೀಟಿನಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತೇವೆ. ಮಾತೆಲ್ಲ ಗಂಡಸರದು. "ಹೊಸ ರುಚಿ ಓದೋಣ ಅಂತ ಪುಟ ತಿರುವಿದರೆ ಇದೇನು ರೇಡಿಯೇಟರ್ ಪುರಾಣ!" ಎಂದು ಮೂಗು ಮುರಿಯಬೇಡಿ. ಒಲೆಯ ಮುಂದೆ ನಿಲ್ಲುವವರಿಗೆ ಬಿಸಿಯ ವಿಷಯ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ನನ್ನ ತವರು ಸುರಪುರ, ಕೊಟ್ಟ ಮನೆ ಶಹಾಪುರ, ರೈಲು ಹತ್ತಬೇಕೆಂದರೆ ಯಾದಗಿರಿ. ಈ ಮೂರು ಊರುಗಳ ನಡುವೆಯೇ ನನ್ನ ಓಡಾಟವೆಲ್ಲ. ಇಲ್ಲಿಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದೇನಲ್ಲ. ಮಧ್ಯಾಹ್ನ ಕಾರಿನ ಬಾಗಿಲ ಹಿಡಿಕೆ ಮುಟ್ಟಿದರೆ ಕಾದ ಹಂಚು ಮುಟ್ಟಿದ ಹಾಗೆ.

ನಮ್ಮ ಮಾವನವರಿಗೆ ಹೃದಯದ ತೊಂದರೆ. ತಿಂಗಳಿಗೊಮ್ಮೆ ಜೇವರ್ಗಿ ಮೇಲೆ ಹಾದು ಕಲಬುರಗಿಗೆ ಕರೆದೊಯ್ಯಬೇಕು. ಹೋದ ವರ್ಷದ ಏಪ್ರಿಲಿನಲ್ಲಿ ನಮ್ಮ ಹಳೆಯ ಕಾರು ದಾರಿಯಲ್ಲೇ ಕಾಯತೊಡಗಿತು. ಒಮ್ಮೆಯಂತೂ ಎಂಜಿನ್ ಬಂದ್ ಮಾಡಿ, ಎಪ್ಪತ್ತೆಂಟರ ಹಿರಿಯರನ್ನು ಬೇವಿನ ಮರದ ಕೆಳಗೆ ಮುಕ್ಕಾಲು ಗಂಟೆ ಕೂರಿಸಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಕೂತಿದ್ದರು. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಾಯಿತು.

ತೋರಿಸಿದ ಮೊದಲ ಗ್ಯಾರೇಜಿನವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗ್ಯದ್ರಿ. ಎಂಜಿನ್ ಬಿಚ್ಚಬೇಕು. 35 ಸಾವಿರದ ಮ್ಯಾಲೇ ಆಗ್ತದ" ಅಂದರು. 35 ಸಾವಿರ! ಮಗಳ ಕಾಲೇಜಿನ ಫೀಸಿಗೆಂದು ಎತ್ತಿಟ್ಟಿದ್ದ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು. ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು.

ನನಗೆ ನಮ್ಮ ಅಪ್ಪ ನೆನಪಾದರು. ಅವರು ಸುರಪುರದಲ್ಲಿ ಬಾಡಿಗೆಗೆ ಅಂಬಾಸಿಡರ್ ಓಡಿಸುತ್ತಿದ್ದರು. ಮುಂದೆ ಕ್ಯಾನ್ವಾಸಿನ ನೀರಿನ ಚೀಲ ತೂಗುತ್ತಿತ್ತು. ಆ ಕಾರಿನ ಫ್ಯಾನು ಕರೆಂಟಿನದಲ್ಲ, ಎಂಜಿನ್ನಿನಿಂದಲೇ ಬೆಲ್ಟಿನ ಮೂಲಕ ತಿರುಗುವಂಥದ್ದು. ಬೆಲ್ಟು ಸಡಿಲಾದರೆ ಕಿರ್ರೆಂದು ಕೂಗಿ ತಾನೇ ದೂರು ಹೇಳುತ್ತಿತ್ತು. ಎಂಜಿನ್ ಅಡ್ಡಲಾಗಿ ಕೂತಿರುವ ಈಗಿನ ಸಣ್ಣ ಕಾರುಗಳಿಗೆ ಕರೆಂಟಿನ ಫ್ಯಾನು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲೂ ಅದೇ ಇತ್ತು. ಇದು ಬೇಕಾದಾಗ ಮಾತ್ರ ತಿರುಗುತ್ತದೆ, ಕೆಟ್ಟರೆ ಸದ್ದಿಲ್ಲದೆ ಸುಮ್ಮನಾಗುತ್ತದೆ. ಆದ್ದರಿಂದ ಗಮನ ನಾವೇ ಕೊಡಬೇಕು.

ಯಾರಾದರೂ "ಗಾಡಿ ಭಾಳ ಕಾಯ್ಲಾಕತ್ತದ" ಎಂದು ಬಂದರೆ ಅಪ್ಪ ಬಾನೆಟ್ಟಿಗೆ ಕೈ ಹಚ್ಚುವ ಮುಂಚೆ ಕೇಳುತ್ತಿದ್ದದ್ದು ಒಂದೇ ಮಾತು: "ನಿಂತಾಗ ಕಾಯ್ತದೋ, ಓಡುವಾಗ ಕಾಯ್ತದೋ? ಅಷ್ಟು ಹೇಳ್ರಿ ಮೊದ್ಲ."

ಈ ಒಂದು ಪ್ರಶ್ನೆಗೆ ಯಾಕೆ ಅಷ್ಟು ಬೆಲೆ? ನಮ್ಮ ಅಡುಗೆಮನೆಯ ಮಾತಿನಲ್ಲೇ ಹೇಳುತ್ತೇನೆ, ಕೇಳಿ.

ಬಿಸಿ ಚಹಾ ಬೇಗ ಆರಬೇಕಾದರೆ ಏನು ಮಾಡುತ್ತೇವೆ? ಬಸಿಗೆ ಸುರಿದು ಉಫ್ ಎಂದು ಊದುತ್ತೇವೆ. ಕಾರಿನಲ್ಲೂ ಅದೇ. ಪೆಟ್ರೋಲ್ ಉರಿದು ಬರುವ ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಗಾಲಿ ತಿರುಗಿಸುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ಎಂಜಿನ್ ಸುತ್ತ ಹರಿಯುವ ಕೂಲೆಂಟ್ ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ. ರೇಡಿಯೇಟರ್ ಎಂದರೆ ಬಸಿ ಇದ್ದ ಹಾಗೆ: ಸಣ್ಣ ಸಣ್ಣ ಕೊಳವೆ, ನಡುವೆ ತೆಳು ತಗಡಿನ ಮಡಿಕೆಗಳು. ಊದುವ ಕೆಲಸ ಗಾಳಿಯದು. ಕಾರು ಓಡುವಾಗ ಎದುರುಗಾಳಿಯೇ ಊದುತ್ತದೆ. ನಿಂತಾಗ ಊದುವವರು ಯಾರು? ಫ್ಯಾನು.

ಈಗ ಹೊಳೆಯಿತಲ್ಲವೇ? ಓಡುವಾಗ ತಣ್ಣಗಿದ್ದು, ಸಂತೆಯ ಗದ್ದಲದಲ್ಲಿ ನಿಂತಾಗ ಮಾತ್ರ ಕಾರು ಕಾದರೆ ಮೊದಲ ಸಂಶಯ ಫ್ಯಾನಿನ ಮೇಲೆ. ನಿಂತಾಗ ಸುಮ್ಮನಿದ್ದು, ವೇಗವಾಗಿ ಓಡುವಾಗ ಕಾದರೆ ಫ್ಯಾನಿನದು ತಪ್ಪಲ್ಲ. ನೀರು ಕಡಿಮೆ ಇರಬೇಕು, ರೇಡಿಯೇಟರ್ ಕಟ್ಟಿರಬೇಕು, ನೀರೆತ್ತುವ ಪಂಪು ಸೋತಿರಬೇಕು, ಥರ್ಮೋಸ್ಟಾಟ್ ಪೂರಾ ತೆರೆಯದೆ ಇರಬೇಕು. ನಿಂತರೂ ಓಡಿದರೂ ಕಾಯುತ್ತಿದ್ದರೆ ನೀರು ಸೋರುವುದು, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿಯುವುದು, ಹೆಡ್ ಗ್ಯಾಸ್ಕೆಟ್ ಇವನ್ನೆಲ್ಲ ನೋಡಬೇಕಾಗುತ್ತದೆ.

ಥರ್ಮೋಸ್ಟಾಟ್ ಎಂದರೆ ನೀರಿನ ದಾರಿಯ ಪುಟ್ಟ ಬಾಗಿಲು. ಹಂಚು ಕಾಯದೆ ರೊಟ್ಟಿ ಬೇಯುತ್ತದೆಯೇ? ಎಂಜಿನ್ನಿಗೂ ಹದದ ಬಿಸಿ ಬೇಕು. ಸುಮಾರು 82ರಿಂದ 88 ಡಿಗ್ರಿಯವರೆಗೆ ಈ ಬಾಗಿಲು ಮುಚ್ಚಿದ್ದು, ಆಮೇಲೆ ಒಳಗಿನ ಮೇಣ ಕರಗಿ ಉಬ್ಬಿ ತೆರೆಯುತ್ತದೆ. ಇನ್ನೂ ಬಿಸಿ ಏರಿ 95ರ ಆಸುಪಾಸಿಗೆ ಬಂದರೆ ಹೆಚ್ಚಿನ ಕಾರುಗಳಲ್ಲಿ ಫ್ಯಾನು ತಿರುಗತೊಡಗುತ್ತದೆ.

ನಾನು ಏನು ಮಾಡಿದೆ ಎಂದರೆ, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಹಾಕಿದೆ. ತಾರೀಖು, ವೇಳೆ, ನಿಂತಿತ್ತೋ ಓಡುತ್ತಿತ್ತೋ, ಎ.ಸಿ. ಇತ್ತೋ ಇಲ್ಲವೋ, ಮುಳ್ಳು ಎಲ್ಲಿತ್ತು. ಒಂದು ವಾರ ಊರೊಳಗೂ ಹತ್ತಿರದ ಊರಿಗೂ ಹೋದಾಗೆಲ್ಲ ಬರೆದೆ. ಮುಳ್ಳು ನಡುವನ್ನು ದಾಟಿತೆಂದರೆ ಮುಂದೆ ಹೋಗಬಾರದು, ಎಂಜಿನ್ ಬಂದ್ ಮಾಡಬೇಕು ಎಂದು ನಮ್ಮವರಿಗೆ ಮೊದಲೇ ಹೇಳಿದ್ದೆ. ಅವರು ನಕ್ಕರು. "ಪರೀಕ್ಷೆಗೆ ಕುಂತಂಗ ಕುಂತೀದಿ ನೋಡು!" ಅಂದರು. ನಗಲಿ ಬಿಡಿ.

ಹಾಳೆ ತುಂಬಿದಾಗ ಸಂಗತಿ ತಾನೇ ಕಂಡಿತು. "ಶಹಾಪುರ ಬಸ್ ನಿಲ್ದಾಣದ ಎದುರು, ಮಧ್ಯಾಹ್ನ 1 ಗಂಟೆ, ನಿಂತು 10 ನಿಮಿಷ, ಎ.ಸಿ.ಯಿಂದ ಬಿಸಿ ಗಾಳಿ, ಮುಳ್ಳು ಮೇಲೆ." "ಭೀಮರಾಯನಗುಡಿ ದಾಟಿ, 60ರ ವೇಗ, ಎ.ಸಿ. ತಂಪು, ಮುಳ್ಳು ನಡುವೆ." ಏಳು ದಿನದಲ್ಲಿ ಐದು ಸಲ ಕಾದಿತ್ತು, ಐದೂ ಸಲ ನಿಂತಾಗಲೇ. ಎ.ಸಿ.ಯ ಬಿಸಿ ಹೊರಹಾಕುವ ಜಾಲರಿ ರೇಡಿಯೇಟರಿನ ಮುಂದೆಯೇ ಇರುತ್ತದೆ, ಅದಕ್ಕೂ ಗಾಳಿ ಕೊಡುವುದು ಅದೇ ಫ್ಯಾನು. ನಿಂತಾಗ ಎ.ಸಿ. ಬಿಸಿಯಾಗಿ, ಹೊರಟ ಮೇಲೆ ತಂಪಾಗುವುದು ಫ್ಯಾನು ತಿರುಗುತ್ತಿಲ್ಲ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ.

ಆ ಹಾಳೆ ಹಿಡಿದು ಯಾದಗಿರಿಯ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ವಯಸ್ಸಾದವರು. ಓದಿ, "ಅಕ್ಕಾರ, ಹಿಂಗ ಬರಕೊಂಡು ತಂದವ್ರನ್ನ ನಾ ನೋಡಿಲ್ರಿ. ಅರ್ಧ ಕೆಲಸ ನೀವೇ ಮಾಡೀರಿ" ಅಂದರು. ಅವರು ನೋಡಿದ ಕ್ರಮವನ್ನು ನಾನು ಪಕ್ಕದಲ್ಲೇ ನಿಂತು ಗಮನಿಸಿದೆ. ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು, ಎಂಜಿನ್ ಪೂರಾ ತಣ್ಣಗಿರುವಾಗ ನೀರಿನ ಮಟ್ಟ ನೋಡಿದರು. ಸರಿ ಇತ್ತು. ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು. ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ, ಚಾಲೂ ಮಾಡಿದಾಗ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಹಿಂದಿನ ಕೊಳವೆಯಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ ಎಂದು ಸಂಶಯಪಡಬೇಕಂತೆ. ನಮ್ಮದರಲ್ಲಿ ಇದೊಂದೂ ಇರಲಿಲ್ಲ.

ಆಮೇಲೆ ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದರು. ಎ.ಸಿ. ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಬೇಕು. ತಿರುಗಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಎ.ಸಿ. ಹಾಕಿದಾಗ ಫ್ಯಾನು ತಿರುಗಿ, ಎಂಜಿನ್ ಕಾದಾಗ ಮಾತ್ರ ತಿರುಗದಿದ್ದರೆ ಮೋಟಾರು ಚೆನ್ನಾಗಿದೆ ಎಂದರ್ಥ. ಬಿಸಿಯನ್ನು ತಿಳಿಸುವ ಸೆನ್ಸರ್ ಅಥವಾ ಅದರ ವೈರು ನೋಡಬೇಕು. ಎರಡಕ್ಕೂ ತಿರುಗದಿದ್ದರೆ ಫ್ಯೂಸು, ರಿಲೇ, ವೈರು, ಮೋಟಾರು ಇವುಗಳಲ್ಲಿ ಒಂದು.

ಫ್ಯೂಸು ಸರಿ ಇತ್ತು. ಮೋಟಾರಿಗೆ ಬ್ಯಾಟರಿಯಿಂದ ನೇರ ಎರಡು ವೈರು ಕೊಟ್ಟರು, ಗುರ್ರೆಂದು ತಿರುಗಿತು. ಹಾಗಾದರೆ ಮೋಟಾರೂ ಸರಿ! ಉಳಿದದ್ದು ರಿಲೇ. ಹೊಲದ ಬೋರಿನ ಮೋಟಾರಿಗೆ ಸ್ಟಾರ್ಟರ್ ಇರುತ್ತದಲ್ಲ, ಇದು ಫ್ಯಾನಿಗೆ ಅಂಥದ್ದು. ಸಣ್ಣ ಕರೆಂಟಿನ ಸೂಚನೆ ತೆಗೆದುಕೊಂಡು ದೊಡ್ಡ ಕರೆಂಟನ್ನು ಮೋಟಾರಿಗೆ ಬಿಡುವ ಪುಟ್ಟ ಡಬ್ಬಿ. ಅದೇ ಜಾತಿಯ ಇನ್ನೊಂದು ರಿಲೇ ಕಿತ್ತು ಅಲ್ಲಿ ಕೂರಿಸಿ ನೋಡಿದರು. ಫ್ಯಾನು ಶುರುವಾಯಿತು. ನಮ್ಮ ಹಳೆಯ ರಿಲೇಯ ಕಾಲುಗಳು ಸುಟ್ಟು ಕಪ್ಪಾಗಿದ್ದವು. ಹೊಸ ರಿಲೇ, ಕರಗಿದ ಪ್ಲಗ್ಗು, ಕೂಲಿ ಎಲ್ಲ ಸೇರಿ 850 ರೂಪಾಯಿ. ಮಗಳ ಫೀಸು ಉಳಿಯಿತು. ಮಾವನವರು ಮುಂದಿನ ತಿಂಗಳು ಕಲಬುರಗಿಗೆ ನಿಶ್ಚಿಂತೆಯಿಂದ ಹೋಗಿ ಬಂದರು.

ಈಗ ಇದಕ್ಕೆ ಪೂರಾ ಉಲ್ಟಾ ಇರುವ ಇನ್ನೊಂದು ಕಥೆ ಕೇಳಿ.

ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಇನ್ನೂ ಮದುವೆಯಾಗಿಲ್ಲ, ಸಂಬಳದ ಹಣವನ್ನೆಲ್ಲ ಕೂಡಿಸಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ತೆಗೆದುಕೊಂಡ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಕೆಂಪು ಬಣ್ಣ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಮಾಡಿಕೊಂಡು ಹೋಗುತ್ತೇನೆಂದು ಅದರಲ್ಲೇ ಸುರಪುರಕ್ಕೆ ಬಂದ. ಓಣಿಯ ಹುಡುಗರೆಲ್ಲ ಹಿಂದೆಯೇ ಓಡಿದ್ದು ಓಡಿದ್ದೇ! ನಮ್ಮ ಅತ್ತಿಗೆಯವರಿಗೆ ಮಾತ್ರ ಕಣ್ಣಲ್ಲಿ ನೀರು. "ಇದರಾಗ ನಾ ಹ್ಯಾಂಗ ಕೂಡ್ಲಪ್ಪಾ?" ಎಂದು.

ನಾಲ್ಕು ದಿನ ಊರಲ್ಲಿ ಓಡಾಡುವಷ್ಟರಲ್ಲಿ ಆ ಕಾರು ಕಾಯತೊಡಗಿತು, ಅದೂ ಜನವರಿಯ ತಂಪಿನಲ್ಲಿ. "ಅತ್ತೀ, ಫ್ಯಾನ್ ಕಮ್ಮಿ ಬೀಳಲಾಕತ್ತಾವ. ಬೆಂಗಳೂರಿಗೆ ಹೋಗಿ ದೊಡ್ಡವು ಹಾಕಿಸ್ತೀನಿ" ಅಂದ. ಆ ಕಾರಿಗೆ ಎರಡು ಫ್ಯಾನು. ಅವುಗಳ ಬೆಲೆ ಕೇಳಿ ನನಗೇ ಜ್ವರ ಬರುವ ಹಾಗಾಯಿತು.

ನಾನು ಅಪ್ಪನ ಪ್ರಶ್ನೆಯನ್ನೇ ಕೇಳಿದೆ. "ನಿಂತಾಗ ಕಾಯ್ತದೇನಪ್ಪಾ, ಓಡುವಾಗ?"

ಹುಡುಗ ಸ್ವಲ್ಪ ಯೋಚಿಸಿ, "ನಿಂತಾಗ ಏನೂ ಇಲ್ಲತ್ತಿ. ಟೇಲರ್ ಮಂಜಿಲ್ ಹತ್ರ ಅರ್ಧ ತಾಸು ಚಾಲೂ ಇಟ್ಟು ನಿಂತಿದ್ದೆ, ಮುಳ್ಳು ಅಲುಗಲಿಲ್ಲ. ಶಹಾಪುರದ ದಾರಿಯಾಗ ಜೋರು ಬಿಟ್ರ ಏರ್ತದ" ಅಂದ.

"ಹಂಗಾದ್ರ ಫ್ಯಾನಿಗೆ ಯಾಕ ಬೈತಿ? ಅವು ದುಡೀಲಾಕತ್ತಾವ" ಅಂದೆ.

ಸ್ಪೋರ್ಟ್ಸ್ ಕಾರಿನ ಕಷ್ಟ ಬೇರೆಯೇ ನೋಡಿ. ಶಕ್ತಿ ಹೆಚ್ಚು, ಆದ್ದರಿಂದ ಬಿಸಿಯೂ ಹೆಚ್ಚು. ಆದರೆ ಚೆಂದಕ್ಕೂ ವೇಗಕ್ಕೂ ಮೂಗು ತಗ್ಗು, ಗಾಳಿ ಹೊಗುವ ಬಾಯಿ ಕಿರಿದು. ಆ ಕಿರಿದಾದ ಬಾಯಿಗೆ ಬಂದ ಗಾಳಿ ಆಚೀಚೆ ಹೋಗದೆ ನೇರ ರೇಡಿಯೇಟರಿಗೇ ಹಾಯಲಿ ಎಂದು ಕೆಳಗೂ ಪಕ್ಕಕ್ಕೂ ಪ್ಲಾಸ್ಟಿಕ್ಕಿನ ಮರೆಗಳನ್ನು ಕಟ್ಟಿರುತ್ತಾರೆ. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಉದ್ದದ ಕೊಳವೆಗಳು. ಅಂಥವುಗಳಲ್ಲಿ ನೀರು ಬದಲಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡರೂ ಎಂಜಿನ್ ಕಾಯುತ್ತದೆ. ಆ ಗಾಳಿಯನ್ನು ಕ್ರಮವಾಗಿ ಹೊರಗೆ ಬಿಡಬೇಕಾಗುತ್ತದೆ.

ಹುಡುಗನ ಕಾರಿನ ಎಂಜಿನ್ ಮುಂದೆಯೇ ಇತ್ತು. ಕಾರು ತಣ್ಣಗಾದ ಮೇಲೆ ಬಗ್ಗಿ ನೋಡಿದೆವು. ನಮ್ಮ ರಸ್ತೆಯ ಉಬ್ಬುಗಳಿಗೆ ತಾಗಿ ತಾಗಿ ಕೆಳಗಿನ ಪ್ಲಾಸ್ಟಿಕ್ ಮರೆ ಹರಿದು ಜೋತಾಡುತ್ತಿತ್ತು. ಕಾಲುವೆಯ ಒಡ್ಡು ಒಡೆದರೆ ನೀರು ಹೊಲಕ್ಕೆ ಹೋಗುತ್ತದೆಯೇ? ಹಾಗೇ ಗಾಳಿಯೂ ರೇಡಿಯೇಟರ್ ಬಿಟ್ಟು ಕೆಳಗಿನಿಂದ ಜಾರಿಹೋಗುತ್ತಿತ್ತು. ಇನ್ನೊಂದು ಸಂಗತಿ: ಅದು ತೊಗರಿ ರಾಶಿಯ ಕಾಲ. ನಮ್ಮ ಕಡೆ ರಸ್ತೆಯ ಮೇಲೆ ತೊಗರಿ ಹರವಿ, ಹಾಯುವ ಗಾಡಿಗಳಿಂದಲೇ ತುಳಿಸುವುದುಂಟು. ಹೊಟ್ಟು, ಹತ್ತಿಯ ಎಳೆ, ಹುಳಹುಪ್ಪಟೆ ಎಲ್ಲ ತಗ್ಗು ಮೂಗಿನ ಆ ಕಾರಿನೊಳಗೆ ಹೋಗಿ, ಎ.ಸಿ. ಜಾಲರಿಗೂ ರೇಡಿಯೇಟರಿಗೂ ನಡುವೆ ಕಂಬಳಿಯ ಹಾಗೆ ಕೂತಿದ್ದವು. ಮುಂದಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಟಾರ್ಚು ಹಿಡಿದು ಸಂದಿಯಲ್ಲಿ ಇಣುಕಿದಾಗ ಕಂಡಿತು. ಎಂಜಿನ್ ಸುಮ್ಮನೆ ನಿಂತಾಗ ಹುಟ್ಟುವ ಬಿಸಿ ಕಡಿಮೆ, ಎರಡು ಫ್ಯಾನು ಹೇಗೋ ನಿಭಾಯಿಸುತ್ತಿದ್ದವು. ಜೋರು ಓಡಿಸಿದಾಗ ಹುಟ್ಟುವ ಬಿಸಿಗೆ ಗಾಳಿ ಸಾಲುತ್ತಿರಲಿಲ್ಲ.

ಸುರಪುರದ ಮೆಕ್ಯಾನಿಕ್ ಹುಡುಗನೊಬ್ಬ ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣಗೆ ನೀರು ಬಿಟ್ಟು, ಮೆತ್ತನೆಯ ಬ್ರಶ್ಶಿನಿಂದ ತೊಳೆದ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹೊಡೆದರೆ ತೆಳು ತಗಡು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ, ನೆನಪಿಡಿ. ಹರಿದ ಮರೆಯನ್ನು ಸದ್ಯಕ್ಕೆ ಬಿಗಿದು ಕಟ್ಟಿದ್ದಾಯಿತು. ಆ ಕಾರು ಬೆಂಗಳೂರು ಮುಟ್ಟುವವರೆಗೆ ಮುಳ್ಳು ನಡುವಿನಿಂದ ಏಳಲಿಲ್ಲವೆಂದು ಫೋನ್ ಬಂತು. ಹೊಸ ಫ್ಯಾನಿನ ಮಾತು ಅಲ್ಲಿಗೇ ನಿಂತಿತು.

ಒಂದೇ ಪ್ರಶ್ನೆ, ಎರಡು ಉತ್ತರ. ಎರಡು ಬೇರೆ ಬೇರೆ ರೋಗ. ಹಾಗೆಂದು ಈ ಪ್ರಶ್ನೆಯೇ ಕೊನೆಯ ತೀರ್ಪಲ್ಲ. ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂದು ಅದು ತೋರಿಸುತ್ತದೆ, ಅಷ್ಟೆ. ಬಿಚ್ಚುವ ಕೆಲಸ ಮೆಕ್ಯಾನಿಕ್ಕಿನವರದೇ.

ಕೆಲವು ಎಚ್ಚರಿಕೆಯ ಮಾತುಗಳು. ಇವನ್ನು ಮಾತ್ರ ಮರೆಯಬೇಡಿ.

ಕಾದ ರೇಡಿಯೇಟರಿನ ಮುಚ್ಚಳ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ರೆಶರ್ ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯವರೆಗೂ ಕಾಯುತ್ತದೆ. ರೇಡಿಯೇಟರಿನ ಮುಚ್ಚಳವೂ ಒಳಗೆ ಹೆಚ್ಚುಕಡಿಮೆ ಅಷ್ಟೇ ಒತ್ತಡ ಹಿಡಿದಿಟ್ಟಿರುತ್ತದೆ. ಸೀಟಿ ಇಳಿಯದ ಕುಕ್ಕರನ್ನು ನೀವು ತೆರೆಯುತ್ತೀರಾ? ಅರ್ಧ ಗಂಟೆಯಾದರೂ ಕಾಯಿರಿ, ಮೇಲಿನ ರಬ್ಬರ್ ಕೊಳವೆ ತಣ್ಣಗಾಗಲಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಎಂಜಿನ್ನಿನ ಲೋಹಕ್ಕೂ ಬಿರುಕು ಬಿಡಬಹುದು.

ಬಾನೆಟ್ ಎತ್ತಿ ಬಗ್ಗುವಾಗ ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಹಿಂದಕ್ಕೆ ಕಟ್ಟಿ. ಕರೆಂಟಿನ ಫ್ಯಾನು ಎಂಜಿನ್ ಬಂದ್ ಮಾಡಿದ ಮೇಲೂ ಎಷ್ಟೋ ಕಾರುಗಳಲ್ಲಿ ಒಮ್ಮೆಲೇ ತಿರುಗತೊಡಗುತ್ತದೆ. ಅದು ಕೆಟ್ಟಿರುವ ಲಕ್ಷಣವಲ್ಲ, ಅದರ ಕೆಲಸವೇ ಹಾಗೆ. ಅಪಾಯ ನಮ್ಮ ಬೆರಳಿಗೆ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ಬಂದ್ ಮಾಡಿ, ಹೀಟರ್ ಪೂರಾ ಹಾಕಿ. ಬೇಸಿಗೆಯಲ್ಲಿ ಹೀಟರೇ ಎನ್ನಬೇಡಿ! ಅದೂ ಒಂದು ಪುಟ್ಟ ರೇಡಿಯೇಟರ್; ಎಂಜಿನ್ನಿನ ಬಿಸಿಯನ್ನು ಸ್ವಲ್ಪ ಇತ್ತ ಎಳೆದುಕೊಳ್ಳುತ್ತದೆ. ಮೈ ಬೆವರಿದರೂ ಚಿಂತೆಯಿಲ್ಲ, ನೆರಳು ಸಿಗುವವರೆಗೆ ಸಾಗಬಹುದು. ಮುಳ್ಳು ಕೆಂಪಿಗೆ ಮುಟ್ಟಿತೋ, ನೆರಳಿರಲಿ ಬಿಡಲಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಲೇಬೇಕು. 850 ರೂಪಾಯಿಯ ರೋಗ 35 ಸಾವಿರದ್ದಾಗುವುದು ಇಲ್ಲಿಯೇ.

ನೀರಿನ ಮಾತು ಹೇಳದಿದ್ದರೆ ನಮ್ಮ ಸೀಮೆಯವಳಾಗಿ ತಪ್ಪಾದೀತು. ಬೋರಿನ ಸವಳು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬೆಳ್ಳಗೆ ಗಟ್ಟಿ ಪೊರೆ ಕಟ್ಟುತ್ತದಲ್ಲ, ಅದೇ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಕಾರಿಗೆ ಹೇಳಿದ ಕೂಲೆಂಟನ್ನೇ ಹಾಕಿಸಿ; ಬೆರೆಸಬೇಕಾಗಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಅಡವಿಯಲ್ಲಿ ಬೇರೆ ಗತಿ ಇಲ್ಲದೆ ಬೋರಿನ ನೀರು ಹಾಕಿದರೂ ಊರು ಮುಟ್ಟಿದ ಮೇಲೆ ಬದಲಿಸಿಬಿಡಿ.

ಇನ್ನು ನಿಮ್ಮ ಮನೆಯಲ್ಲೂ ಒಂದು ಹಾಲಿನ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ಕೊನೆಯ ಹಾಳೆಯಲ್ಲಿ ಐದು ಗೆರೆ ಹಾಕಿಡಿ: ತಾರೀಖು, ವೇಳೆ, ನಿಂತಿತ್ತೋ ಓಡುತ್ತಿತ್ತೋ, ಎ.ಸಿ., ಮುಳ್ಳು. ಕಾರು ಕಾಯಲು ಶುರುವಾದ ದಿನದಿಂದಲೇ ಬರೆಯಿರಿ. ಆ ಹಾಳೆಯನ್ನು ಮನೆಯವರ ಕೈಗೆ ಕೊಟ್ಟು ಕಳಿಸುವುದಕ್ಕಿಂತ ನೀವೇ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ, ನೀವೇ ಓದಿ ಹೇಳಿ.